“‘ಹ’ ಅನ್ನೋದು ಕಲಿಸ್ಕೊಡಿ ಮೇಡಂ”

ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ‘ಆಕೆ’ ಅಂತಲೇ ಬರೆಯುತ್ತೇನೆ.

ಆಕೆಗೆ 26 ವರ್ಷ. ತವರು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಹಳ್ಳಿ. ಮಂಡ್ಯದಲ್ಲೇ ಬಿ.ಕಾಂ. ಓದಿದವಳು. ಮದುವೆಯಾಗಿ ಮೈಸೂರಿಗೆ ಬಂದು ಒಂದೂವರೆ ವರ್ಷ. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದವರು ಅತ್ತೆ. “ನಮ್ಮ ಹುಡುಗಿಗೆ ಕಾನ್ಫಿಡೆನ್ಸೇ ಇಲ್ಲ ಮೇಡಂ. ಯಾರ ಹತ್ರನೂ ಬಾಯಿ ಬಿಡಲ್ಲ. ನೆಂಟರು ಬಂದ್ರೆ ಅಡುಗೆಮನೆ ಸೇರ್ಕೋತಾಳೆ. ಸ್ವಲ್ಪ ನೀವೇ ಸರಿಮಾಡ್ಬೇಕು” ಅಂದರು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಕೊಟ್ಟರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಹತ್ತು ನಿಮಿಷ ಬಿಟ್ಟು ಅತ್ತೆಯವರಿಗೆ ಹೊರಗೆ ಕೂರಲು ಹೇಳಿದೆ.

ಬಾಗಿಲು ಹಾಕಿದ ಮೇಲೆ ಆಕೆ ಹೇಳಿದ ಮೊದಲ ಮಾತು: “ನಂಗೆ ‘ಹ’ ಅನ್ನೋದು ಕಲಿಸ್ಕೊಡಿ ಮೇಡಂ.”

ಮಂಡ್ಯದ ಹಳ್ಳಿಗಳ ಮಾತು ಕೇಳಿದವರಿಗೆ ಇದು ಗೊತ್ತು. ಹೋಗ್ತೀನಿ ಅನ್ನೋದು ‘ಓಯ್ತೀನಿ’, ಹಾಲು ‘ಆಲು’, ಬರ್ತೀನಿ ‘ಬತ್ತೀನಿ’. ಗಂಡನ ಮನೆಯಲ್ಲಿ ಇದನ್ನು ಮೊದಲ ವಾರದಿಂದಲೇ ತಿದ್ದಲು ಶುರು ಮಾಡಿದರು. ತಿದ್ದೋದು ಅಂದರೆ ಆಕೆ ಹೇಳಿದ್ದನ್ನೇ ಆಕೆಯ ಹಾಗೇ ಹೇಳಿ ನಗೋದು. ‘ಆಲು ಕಾಯಿಸ್ದೆ’ ಅಂದರೆ ಗಂಡನ ಅಕ್ಕ “ಆಲೂ ಯಾಕೆ ಕಾಯಿಸ್ದೆ, ಬೇಯ್ಸು” ಅನ್ನುತ್ತಿದ್ದಳಂತೆ.

ಒಂದು ದಿನ ಹಾಲ್‌ನಲ್ಲಿ ನೆಂಟರು ಕೂತಿದ್ದರು. ಅತ್ತೆ ಅಲ್ಲಿಂದಲೇ ಕೂಗಿ ಏನು ಮಾಡ್ತಿದೀಯ ಅಂತ ಕೇಳಿದರು. ‘ಹ’ ಬಿಡಬಾರದು, ಬಿಡಬಾರದು ಅನ್ನೋ ಗಾಬರಿಯಲ್ಲಿ ಆಕೆ “ಹಕ್ಕಿ ತೊಳೀತಿದ್ದೀನಿ ಅತ್ತೆ” ಅಂದುಬಿಟ್ಟಳು. ಹಾಲ್‌ನಲ್ಲಿದ್ದ ಏಳು ಜನ ಒಟ್ಟಿಗೆ ನಕ್ಕರು. ಗಂಡನೂ ನಕ್ಕ. ನೀರಲ್ಲಿ ನೆನೆದ ಅಕ್ಕಿಯೊಳಗೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ ಅಂದಳು. “ಅವತ್ತೇ ಮಾತಾಡದು ಬುಟ್ಬುಟ್ಟೆ ಮೇಡಂ.”

ಭಯದಲ್ಲಿ ಮಾತಾಡುವ ಯಾರಿಗಾದರೂ ಹೀಗಾಗುತ್ತದೆ. ತಪ್ಪುತ್ತೀನಿ ಅಂತ ಹೆದರಿದವರು ಬೇಡದ ಕಡೆಯೂ ‘ಹ’ ಸೇರಿಸುತ್ತಾರೆ. ಇದಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ಇದನ್ನು ಹೇಳಿ ಆಕೆಗೆ ಇನ್ನೊಂದು ವಿಷಯವನ್ನೂ ಹೇಳಿದೆ. ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ‘ಪಾಲ್’, ‘ಪೋಗು’ ಅಂತಿತ್ತು. ಆಮೇಲೆ ಆ ‘ಪ’ ಮೆಲ್ಲಗೆ ‘ಹ’ ಆಗಿ ಹಾಲು, ಹೋಗು ಬಂತು. ನಮ್ಮ ಹಳ್ಳಿಗಳ ಬಾಯಲ್ಲಿ ಆ ‘ಹ’ ಕೂಡ ಸವೆದು ಆಲು, ಓಗು ಆಯಿತು. ಇದೆಲ್ಲ ಒಂದೇ ದಾರಿ. ಆಕೆ ಸ್ವಲ್ಪ ಯೋಚಿಸಿ “ಅಂಗಾರೆ ಅತ್ತೇರೂ ತಪ್ಪೇ ಮಾತಾಡದು ಅಂತಾಯ್ತು” ಅಂದಳು. ಆ ದಿನ ಆಕೆ ನಕ್ಕಿದ್ದು ಅದೊಂದೇ ಸಲ. ಯಾರದ್ದೂ ತಪ್ಪಲ್ಲಮ್ಮ ಅಂದೆ.

ಬರೀ ನಗೋದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎರಡನೇ ಭೇಟಿಯಲ್ಲಿ ಬೇರೆ ವಿಷಯ ಹೊರಬಂತು. ಊಟಕ್ಕೆ ಕೂತಾಗ ಮನೆಯವರು ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿನ ಮಾತು ಬಂತು ಅಂದರೆ ಇಂಗ್ಲಿಷಿಗೆ ಹೋಗುತ್ತಾರೆ. ಆಕೆ ಸಾರು ಬಡಿಸುತ್ತಾ ನಿಂತಿರುತ್ತಾಳೆ. “ಅರ್ಥ ಆಗ್ದೇ ಬೇಜಾರಾಯ್ತಾ?” ಅಂತ ಕೇಳಿದೆ. “ಅರ್ಥ ಆಯ್ತದೆ ಮೇಡಂ, ಬಿ.ಕಾಂ. ಓದಿಲ್ವಾ? ನಂಗೆ ಅರ್ಥ ಆಗಲ್ಲ ಅಂತ ಅವ್ರು ಅನ್ಕೊಂಡವ್ರಲ್ಲ, ಅದೇ ನೋವು.”

ಆಕೆಗೆ ಅರ್ಥ ಆಗಿದ್ದು ಇಷ್ಟು. ತವರಿನವರು ಹಾಕಿದ 80 ಗ್ರಾಂ ಒಡವೆಯನ್ನು ಅಡ ಇಟ್ಟು ಗಂಡನ ಅಕ್ಕನ ಸೈಟಿಗೆ ದುಡ್ಡು ಹೊಂದಿಸೋದು. ಮರುದಿನ ಗಂಡ ಬ್ಯಾಂಕಿನ ಕಾಗದ ತಂದು “ಸುಮ್ನೆ ಫಾರ್ಮಾಲಿಟಿ, ಇಲ್ಲೊಂದು ಸೈನ್ ಹಾಕು” ಅಂದ. ಆಕೆ ತಡೆದಾಗ ಅತ್ತೆ ಸೇರಿಕೊಂಡರು: “ಎಲ್ಲರೂ ಒಪ್ಪಿದ್ದಾರಮ್ಮ. ನೀನು ತಿಳಿದವಳು, ಅರ್ಥ ಮಾಡ್ಕೋತೀಯ. ಒಳ್ಳೆ ಮನೆ ಹೆಣ್ಮಕ್ಕಳು ಲೆಕ್ಕ ಕೇಳಲ್ಲ.”

ಆ ಮಾತನ್ನು ನಾವಿಬ್ಬರೂ ಕಾಗದದ ಮೇಲೆ ಬರೆದು ಒಂದೊಂದಾಗಿ ನೋಡಿದೆವು. ‘ಎಲ್ಲರೂ’ ಅಂದರೆ ಯಾರು? ಒಡವೆಯ ಒಡತಿ ಆ ‘ಎಲ್ಲರೂ’ ಒಳಗೆ ಇರಲಿಲ್ಲ. ‘ತಿಳಿದವಳು’ ಅಂತ ಹೊಗಳಿದ್ದು ಆಕೆ ಒಪ್ಪಬೇಕಾದ ದಿನ ಮಾತ್ರ. ‘ಲೆಕ್ಕ ಕೇಳಲ್ಲ’ ಅಂದ ಮೇಲೆ ಕೇಳಿದವಳು ಕೆಟ್ಟವಳಾಗುತ್ತಾಳೆ. ‘ಫಾರ್ಮಾಲಿಟಿ’ ಅನ್ನೋ ಪದವನ್ನು ನನಗೆ ಕಂಡರಾಗದು. ಓದಬೇಡ ಅನ್ನೋದನ್ನು ಎಷ್ಟು ಮೆತ್ತಗೆ ಹೇಳುತ್ತದೆ ನೋಡಿ. ನನಗೆ ಆಗ ಕಂಡಿದ್ದು ಇದು: ಒಂದು ವರ್ಷ ಆಕೆಯ ಮಾತಿಗೆ ನಕ್ಕು ನಕ್ಕು ಬಾಯಿ ಮುಚ್ಚಿಸಿದ್ದರು. ಬಾಯಿ ಮುಚ್ಚಿದ ಮೇಲೆ ಆಕೆಯ ಒಡವೆಯ ತೀರ್ಮಾನ ಆಕೆಯ ತಲೆ ಮೇಲಿಂದಲೇ ಆಗಿಹೋಯಿತು. ಮನೆಯವರು ಇದನ್ನು ಯೋಜನೆ ಹಾಕಿ ಮಾಡಿದರು ಅಂತ ನಾನು ಹೇಳಲ್ಲ. ಆದರೆ ನಷ್ಟ ಆಗಿದ್ದು ಆಕೆಗೇ, ಅಲ್ವಾ?

ಹೊಡೆತ, ಬೆದರಿಕೆ ಏನಾದರೂ ಇದೆಯಾ ಅಂತ ಒಬ್ಬಳನ್ನೇ ಕೂರಿಸಿ ಎರಡು ಸಲ ಕೇಳಿದೆ. ಇಲ್ಲ ಅಂದಳು. ಇದ್ದಿದ್ದರೆ ಗಂಡನನ್ನು ಜೊತೆಗೆ ಕೂರಿಸಿ ಮಾತಾಡುವ ದಾರಿ ಹಿಡಿಯುತ್ತಲೇ ಇರಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಸಹಿಯದ್ದೇ ಮೊದಲು. ಯಾವ ಕಾಗದಕ್ಕೂ ಕೊಟ್ಟ ದಿನವೇ ಸಹಿ ಬೇಡ. “ಓದಿ ನಾಳೆ ಹಾಕ್ತೀನಿ” ಅನ್ನಬೇಕು. ಇಷ್ಟು ಸಾಕು, ಕಾರಣ ಹೇಳಬೇಕಿಲ್ಲ. ಗ್ರಾಹಕರಿಗೆ ಕೊಡುವ ಫಾರಂಗಳು ಇಂಗ್ಲಿಷ್, ಹಿಂದಿಯ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ಕನ್ನಡದ ಫಾರಂ ಕೇಳೋದಕ್ಕೆ ಸಂಕೋಚ ಬೇಡ. ತವರಿನಿಂದ ಬಂದ ಒಡವೆ ಸ್ತ್ರೀಧನ. ಅದು ಹೆಂಡತಿಯ ಸ್ವಂತ ಆಸ್ತಿ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನ ಮಾಡೋದು, ಗೇಲಿ ಮಾಡೋದು ಕೂಡ ಮಾತಿನ ಹಿಂಸೆ ಅಂತ ಬರೆದಿದೆ. ಸ್ತ್ರೀಧನ ಕಿತ್ತುಕೊಳ್ಳೋದು ಆರ್ಥಿಕ ಹಿಂಸೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಮಹಿಳಾ ಸಹಾಯವಾಣಿ 181. “ಕೇಸ್ ಹಾಕು ಅಂತ ಹೇಳ್ತಿಲ್ಲಮ್ಮ. ನಿನಗೆ ಗೊತ್ತಿರಲಿ ಅಂತ” ಅಂದೆ.

ಆಮೇಲೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಎಡಗಡೆ ಅವತ್ತು ಯಾರು ಏನಂದರು ಅನ್ನೋದು, ಅವರ ಮಾತಿನಲ್ಲೇ. ಬಲಗಡೆ ಅವತ್ತು ಮನೆಯಲ್ಲಿ ಏನು ತೀರ್ಮಾನ ಆಯಿತು ಅನ್ನೋದು. ಮೂರು ವಾರ ಬಿಟ್ಟು ತಂದಳು. ಆಕೆಯನ್ನು ಜಾಸ್ತಿ ಗೇಲಿ ಮಾಡಿದ ನಾಲ್ಕು ದಿನಗಳ ಪೈಕಿ ಮೂರು ದಿನ ಬಲಗಡೆ ದುಡ್ಡಿನ ವಿಷಯವೇ ಇತ್ತು.

ಉತ್ತರ ಕೊಡೋದನ್ನೂ ರೂಮಿನಲ್ಲೇ ಅಭ್ಯಾಸ ಮಾಡಿಸಿದೆ. ನಾನು ಅತ್ತೆಯಾದೆ. ಮೊದಲ ಸಲ ಆಕೆ ಪುಸ್ತಕದ ಕನ್ನಡದಲ್ಲಿ ಶುರು ಮಾಡಿ ಅರ್ಧಕ್ಕೇ ನಿಂತಳು. ನಿನ್ನ ಅವ್ವನ ಹತ್ತಿರ ಹೇಗೆ ಹೇಳ್ತೀಯೋ ಹಾಗೇ ಹೇಳು ಅಂದೆ. “ಆಮ್ಯಾಕೆ ನಗಿ ಅತ್ತೆ. ಮೊದ್ಲು ನಾ ಕೇಳಿದ್ದುಕ್ಕೆ ಯೋಳಿ” ಅಂದಳು, ಒಂದೇ ಉಸಿರಿಗೆ. ಇದನ್ನೇ ಹೇಳು, ಇದನ್ನು ತಿದ್ದಬೇಡ ಅಂದೆ.

ಗಂಡ ಮೂರನೇ ಭೇಟಿಗೆ ಬಂದ. ಕೆಟ್ಟ ಹುಡುಗ ಅಲ್ಲ. “ತಮಾಷೆಗೆ ಮೇಡಂ. ಹೊರಗೆ ಜನ ಆಡ್ಕೋಬಾರದು ಅಂತ ತಿದ್ತೀವಿ” ಅಂದ. ಹೊರಗೆ ಯಾರು, ಯಾವತ್ತು ಆಡಿಕೊಂಡರು, ಒಂದು ಸಲದ್ದು ಹೇಳಿ ಅಂದೆ. ದೇವರಾಜ ಮಾರುಕಟ್ಟೆಯ ಹೂವಿನವರು, ಆಟೋದವರು, ಹಾಲಿನ ಬೂತಿನವರು, ಯಾರೂ ನೆನಪಾಗಲಿಲ್ಲ. ಒಂದು ವಾರ ಎಣಿಸಿಕೊಂಡು ಬನ್ನಿ ಅಂದೆ: ನೀವು ಎಷ್ಟು ಸಲ ಆಕೆಯ ಮಾತಿಗೆ ಉತ್ತರ ಕೊಟ್ಟಿರಿ, ಎಷ್ಟು ಸಲ ಮಾತನ್ನು ತಿದ್ದಿದಿರಿ. ಮುಂದಿನ ವಾರ ಚೀಟಿ ಕೊಟ್ಟ. ಉತ್ತರ ಐದು, ತಿದ್ದಿದ್ದು ಹತ್ತೊಂಬತ್ತು. ತುಂಬ ಹೊತ್ತು ಆ ಚೀಟಿಯನ್ನೇ ನೋಡುತ್ತಾ ಕೂತಿದ್ದ. ಊಟದ ಹೊತ್ತಿನಲ್ಲಿ ದುಡ್ಡಿನ ಮಾತು ಕನ್ನಡದಲ್ಲೇ ಆಗಬೇಕು, ಆಕೆಯೂ ತಟ್ಟೆ ಹಾಕಿಕೊಂಡು ಕೂತಿರಬೇಕು ಅಂತ ಅವನೇ ಒಪ್ಪಿಕೊಂಡ.

ಈಗ ಬ್ಯಾಂಕಿನ ಕಾಗದಕ್ಕೆ ಸಹಿ ಬಿದ್ದಿಲ್ಲ. ಒಡವೆ ಆಕೆಯ ಹೆಸರಿನ ಲಾಕರಿನಲ್ಲಿದೆ. ಗಂಡನ ಅಕ್ಕ ಫೋನ್ ಮಾಡೋದು ನಿಲ್ಲಿಸಿದ್ದಾಳೆ. ಅತ್ತೆ ಈಗಲೂ ಒಮ್ಮೊಮ್ಮೆ ನಗುತ್ತಾರಂತೆ. ಮುಂದಿನ ಮಂಗಳವಾರ ಅವರನ್ನು ಒಬ್ಬರನ್ನೇ ಬರಲು ಕರೆದಿದ್ದೇನೆ. ಅವರು ಇನ್ನೂ ಹೂಂ ಅಂದಿಲ್ಲ. ನಿನ್ನೆ ಆಕೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದ್ದಳು. ಸುತ್ತ ಜನರ ಗದ್ದಲ. ಜೋರಾಗಿಯೇ ಕೂಗಿ ಹೇಳಿದಳು: “ಮೇಡಂ, ಊರಿಗೆ ಓಯ್ತಾ ಇವ್ನಿ. ಸೋಮವಾರ ಬತ್ತೀನಿ.”