ಐದು ನಿಮಿಷ ಕಾಯುವ ಸ್ವಿಚ್

ಪ್ರಶ್ನೆ: ಭೋಸರಿಯ ಕಾರ್ಖಾನೆಯೊಂದರಲ್ಲಿ ನನಗೆ ಮೆಂಟೆನೆನ್ಸ್ ಕೆಲಸ. ಎಂಟು ನೆಟ್‌ವರ್ಕ್ ಸ್ವಿಚ್‌ಗಳನ್ನು ಫೈಬರ್‌ನಲ್ಲಿ ರಿಂಗ್ ಮಾಡಿ ಇಆರ್‌ಪಿಎಸ್ (ಈಥರ್ನೆಟ್ ರಿಂಗ್ ಪ್ರೊಟೆಕ್ಷನ್ ಸ್ವಿಚಿಂಗ್) ಹಾಕಿದ್ದಾರೆ. ಕಳೆದ ವಾರ ಜೆಸಿಬಿ ಒಂದು ಫೈಬರ್ ಕಿತ್ತುಹಾಕಿತು, ಆದರೂ ಉತ್ಪಾದನೆಯ ಲೈನ್ ನಿಲ್ಲಲಿಲ್ಲ. ವಿಚಿತ್ರ ಅಂದ್ರೆ ಫೈಬರ್ ರಿಪೇರಿ ಆದ ಮೇಲೂ ಐದು ನಿಮಿಷ ಅದರಲ್ಲಿ ಡೇಟಾ ಹೋಗಲಿಲ್ಲ. ಸ್ವಿಚ್ ಕೆಟ್ಟಿದೆಯಾ ಸರ್?
– ಓದುಗ, ಪುಣೆ

ಉತ್ತರ: ಕೆಟ್ಟಿಲ್ಲ ಮಾರಾಯ್ರೆ, ಬೇಕೆಂದೇ ಕಾಯುತ್ತಿತ್ತು.

ಐಪಿ ಪ್ಯಾಕೆಟ್‌ಗೆ ಇಷ್ಟೇ ಆಯಸ್ಸು ಅಂತ ಇದೆ. ಸ್ವಿಚ್‌ಗಳು ಸಾಗಿಸುವ ಡೇಟಾ ಕಟ್ಟು, ಅಂದರೆ ಈಥರ್ನೆಟ್ ಫ್ರೇಮ್‌ಗೆ ಅದಿಲ್ಲ. ರಿಂಗ್ ಪೂರ್ತಿ ಕೂಡಿಕೊಂಡರೆ ಎಲ್ಲರಿಗೂ ಕಳಿಸುವ ಒಂದೇ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸಾಕು, ಸುತ್ತುತ್ತಲೇ ಇರುತ್ತದೆ. ಚಾಕಣ್‌ನ ಒಂದು ಶೆಡ್‌ನಲ್ಲಿ ನೇತಾಡುತ್ತಿದ್ದ ಕೇಬಲ್ ತುದಿಯನ್ನು ಯಾರೋ ಪುಣ್ಯಾತ್ಮ ಖಾಲಿ ಪೋರ್ಟ್‌ಗೆ ಸಿಕ್ಕಿಸಿದ್ದ. ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು! ಎಲ್ಲ ದೀಪಗಳೂ ಪಟಪಟ ಮಿನುಗುತ್ತಿದ್ದವು, ಮಷೀನುಗಳು ಮಾತ್ರ ಮೂಕ. ಅದನ್ನು ಹುಡುಕುವಷ್ಟರಲ್ಲಿ ನನ್ನ ಊಟದ ಹೊತ್ತು ಮೀರಿತ್ತು.

ಅದಕ್ಕೇ ರಿಂಗ್‌ನಲ್ಲಿ ಒಂದು ಕಡೆ ಬಾಗಿಲು ಹಾಕಿಯೇ ಇರಬೇಕು. ಇಆರ್‌ಪಿಎಸ್, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು-ಟಿಯ ಜಿ.8032 ಮಾನದಂಡ, 2008ರಲ್ಲಿ ಬಂದದ್ದು. ಇದರಲ್ಲಿ ಒಂದು ಸ್ವಿಚ್ 'ಓನರ್'. ಅದರ ಪಕ್ಕದ ಒಂದು ಲಿಂಕ್ ಮಾಮೂಲಿ ದಿನಗಳಲ್ಲಿ ಬಂದ್. ಫೈಬರ್ ಕಡಿದಾಗ ಎರಡೂ ತುದಿಯ ಸ್ವಿಚ್‌ಗಳು ತಮ್ಮ ಪೋರ್ಟ್ ಮುಚ್ಚಿ ಸುದ್ದಿ ಕಳಿಸುತ್ತವೆ. ಓನರ್ ತನ್ನ ಬಾಗಿಲು ತೆರೆಯುತ್ತದೆ. ಎಲ್ಲ ಸ್ವಿಚ್‌ಗಳೂ ಯಾವ ಸಾಧನ ಯಾವ ಕಡೆ ಇದೆ ಎಂಬ ಹಳೆಯ ಮ್ಯಾಕ್ ವಿಳಾಸ ಪಟ್ಟಿ ಅಳಿಸಿ ಹೊಸದಾಗಿ ಕಲಿಯುತ್ತವೆ. ಇಷ್ಟೂ 50 ಮಿಲಿಸೆಕೆಂಡ್ ಒಳಗೆ ಮುಗಿಯಬೇಕೆಂಬುದು ಗುರಿ. ಸುತ್ತು ತಪ್ಪಿಸುವ ಹಳೆಯ ವಿಧಾನ ಸ್ಪ್ಯಾನಿಂಗ್ ಟ್ರೀ ಇದ್ದಿದ್ದರೆ 30ರಿಂದ 50 ಸೆಕೆಂಡ್. ಅಷ್ಟರಲ್ಲಿ ಮಷೀನು ನಡೆಸುವ ನಿಮ್ಮ ಕಂಟ್ರೋಲರ್ (ಪಿಎಲ್‌ಸಿ) ಫಾಲ್ಟ್ ತೋರಿಸಿ ಕೂತಿರುತ್ತಿತ್ತು, ಅಲ್ವಾ?

ಈಗ ಆ ಐದು ನಿಮಿಷ. ಅದು 'ವೇಟ್ ಟು ರಿಸ್ಟೋರ್' ಟೈಮರ್. ಹಲವು ಸ್ವಿಚ್‌ಗಳಲ್ಲಿ 1ರಿಂದ 12 ನಿಮಿಷದವರೆಗೆ ಇಡಬಹುದು, ಮೊದಲೇ ಇರುವುದು 5. ಅಲ್ಲಿಯವರೆಗೆ ರಿಪೇರಿ ಆದ ಲಿಂಕ್‌ನಲ್ಲೇ ಬಾಗಿಲು ಮುಚ್ಚಿರುತ್ತದೆ, ಓನರ್‌ನದು ತೆರೆದಿರುತ್ತದೆ. ಈ ಕಾಯುವಿಕೆ ಇಲ್ಲದಿದ್ದರೆ, ಫೈಬರ್‌ನ ಜೋಡಣೆ (ಸ್ಪ್ಲೈಸ್) ಸರಿಯಾಗಿ ಕೂರದೆ ಲಿಂಕ್ ಬಂದು ಹೋಗಿ ಮಾಡಿದಾಗ ಪ್ರತಿ ಸಲ ಬಾಗಿಲು ಆಚೀಚೆ ಆಗಿ ಇಡೀ ರಿಂಗ್ ಅಲುಗಾಡುತ್ತದೆ. ಅವಸರಪಟ್ಟು ಇದನ್ನು 1ಕ್ಕೆ ಇಳಿಸಬೇಡಿ. ಆ ಐದು ನಿಮಿಷದಲ್ಲಿ ನಿಮ್ಮ ಉತ್ಪಾದನೆಗೇನೂ ನಷ್ಟವಿಲ್ಲ.

ನನಗೆ ಜಾಸ್ತಿ ಚಿಂತೆ ಜೆಸಿಬಿಯದ್ದು. ಅದು ಅಗೆದ ಕಡೆ ರಿಂಗ್‌ನ ಹೋಗುವ ಫೈಬರ್, ಬರುವ ಫೈಬರ್ ಎರಡೂ ಒಂದೇ ಪೈಪಿನಲ್ಲಿವೆಯಾ? ಇವತ್ತೇ ನೋಡಿ. ರಿಂಗ್ ತಡೆದುಕೊಳ್ಳುವುದು ಒಂದು ಕಡಿತವನ್ನು ಮಾತ್ರ.