ಗ್ರೀನ್‌ಲ್ಯಾಂಡ್ ಹುಟ್ಟು ನೀರೊಳಗೆ ಅದುರುವುದೇಕೆ: ಅಲಗಿನ ಓರೆ ಮತ್ತು ಕೈಹಿಡಿತ

ನಮಸ್ಕಾರ. ಕಯಾಕ್ ಎಂಬ ಕಿರಿದಾದ ಸಣ್ಣ ದೋಣಿಗೆಂದು ಹೊಸದಾಗಿ ಕೊಂಡ, ಎರಡೂ ತುದಿಗಳಲ್ಲಿ ಅಲಗಿರುವ ಗ್ರೀನ್‌ಲ್ಯಾಂಡ್ ಮಾದರಿಯ ಹುಟ್ಟು ಪ್ರತಿ ಎಳೆತದಲ್ಲೂ ನೀರೊಳಗೆ ಪಟಪಟನೆ ಅದುರುತ್ತದೆ, ಅರ್ಧ ಗಂಟೆಯಲ್ಲೇ ಮಣಿಕಟ್ಟು ನೋಯತೊಡಗುತ್ತದೆ, ಹಳೆಯ ಅಗಲ ಅಲಗಿನ ಹುಟ್ಟಿಗೇ ಮರಳುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಮರಳಬೇಡಿ. ನೀವು ವಿವರಿಸಿರುವುದನ್ನು ನೋಡಿದರೆ ಎರಡೂ ತೊಂದರೆಗಳ ಮೂಲ ಒಂದೇ ಎನಿಸುತ್ತದೆ: ಅಲಗನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದೀರಿ, ಹಾಗೆ ನಿಲ್ಲಿಸುವುದಕ್ಕಾಗಿ ಎರಡು ಅಲಗುಗಳ ನಡುವಿನ ದಂಡವನ್ನು ಬಿಗಿಯಾಗಿ ಹಿಡಿಯುತ್ತಿದ್ದೀರಿ.

ಉದ್ದವಾಗಿ ಕಿರಿದಾಗಿರುವ ಈ ಅಲಗನ್ನು ನೆಟ್ಟಗಿಟ್ಟು ಜೋರಾಗಿ ಎಳೆದಾಗ ಮೇಲಂಚಿನಿಂದ ಒಮ್ಮೆ, ಕೆಳಗಂಚಿನಿಂದ ಒಮ್ಮೆ ಸುಳಿಗಳು ಕಳಚಿಕೊಳ್ಳುತ್ತವೆ. ಅಲಗನ್ನು ಅತ್ತಿತ್ತ ಒದರುವುದು ಆ ಸುಳಿಗಳೇ. ಮೇಲಂಚನ್ನು ಕಯಾಕಿನ ಮುಂತುದಿಯ ಕಡೆಗೆ ಸುಮಾರು 20ರಿಂದ 30 ಡಿಗ್ರಿಯಷ್ಟು ವಾಲಿಸಿದರೆ ನೀರು ಒಂದೇ ದಿಕ್ಕಿಗೆ ಜಾರಿ ಹೋಗುತ್ತದೆ, ಅದುರುವುದು ನಿಲ್ಲುತ್ತದೆ. ಆಗ ಅಲಗು ತಾನಾಗಿಯೇ ಕೆಳಕ್ಕೆ ಮುಳುಗಲು ನೋಡುವುದರಿಂದ ಹೊಸಬರಿಗೆ ಸ್ವಲ್ಪ ಗಾಬರಿಯಾಗುವುದುಂಟು. ಆದರೆ ಅದನ್ನು ತಡೆಯಬಾರದು, ಬೆರಳಿಗೆ ನೀರು ತಾಗುವಷ್ಟು ಇಳಿಯಲು ಬಿಡಬೇಕು. ಅಲಗು ಪೂರ್ತಿ ಮುಳುಗುವ ಮೊದಲೇ ಬಲ ಹಾಕಿದರೆ ಗಾಳಿಯೂ ಅದರ ಹಿಂದೆಯೇ ಒಳಗಿಳಿದು ಮತ್ತೆ ಅದುರಿಸುತ್ತದೆ. ಸರಿಯಾದ ಎಳೆತಕ್ಕೆ ಸದ್ದೇ ಇರುವುದಿಲ್ಲ.

ಓರೆಯನ್ನು ಮಣಿಕಟ್ಟು ತಿರುಗಿಸಿ ತರಬಾರದು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಮೊದಲ ತಿಂಗಳು ನಾನು ಹಾಗೆಯೇ ಮಾಡುತ್ತಿದ್ದೆ, ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡ ಊದಿಕೊಳ್ಳುತ್ತಿತ್ತು. ಕುರ್ಚಿಯ ಮೇಲೆ ಕುಳಿತು ಹುಟ್ಟನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳಿ. ನಡುವಿನ ದಂಡ ಮುಗಿದು ಅಲಗು ಚಪ್ಪಟೆಯಾಗತೊಡಗುವ ಜಾಗದಲ್ಲಿ ಎರಡೂ ಕೈಗಳಿರಲಿ. ಹೆಬ್ಬೆರಳು ಮತ್ತು ತೋರುಬೆರಳು ಉಂಗುರದಂತೆ ದಂಡವನ್ನು ಬಳಸಿರಲಿ; ಉಳಿದ ಮೂರು ಬೆರಳುಗಳು ಅಲಗಿನ ಬುಡದ ಮೇಲಂಚನ್ನು ದಾಟಿ ಆಚೆಗೆ ಸಡಿಲವಾಗಿ ಇಳಿಬಿದ್ದಿರಲಿ. ಈಗ ಕಣ್ಣು ಮುಚ್ಚಿ, ಭುಜಗಳನ್ನು ಸಡಿಲಿಸಿ, ಮಣಿಕಟ್ಟು ಮುಂದೋಳಿನ ನೇರದಲ್ಲೇ ಇರುವಂತೆ ಹುಟ್ಟನ್ನು ಹೊಕ್ಕುಳ ಮಟ್ಟಕ್ಕೆ ಎತ್ತಿ ಕಣ್ಣು ತೆರೆಯಿರಿ. ಮೇಲಂಚು ಮುಂದಕ್ಕೆ ವಾಲಿರುವುದು ಕಾಣುತ್ತದೆ. ನಿಮಗೆ ಬೇಕಾದ ಓರೆ ಅದೇ. ಬೆರಳುಗಳು ಕುಳಿತ ರೀತಿಯೇ ಅದನ್ನು ಕೊಡುತ್ತದೆ. ನೀರಿಗಿಳಿದ ಮೇಲೆ ಮೇಲಿನ ಕೈ ಎದೆಯ ಮಟ್ಟವನ್ನು ದಾಟದಿರಲಿ, ಅದು ಮುಂದಕ್ಕೆ ತಳ್ಳುವಾಗ ಬೆರಳುಗಳು ಬಿಚ್ಚಿಕೊಂಡು ಅಂಗೈ ಮಾತ್ರ ಒತ್ತಲಿ, ಬಲವು ತೋಳಿನಿಂದಲ್ಲದೆ ಸೊಂಟದ ತಿರುಗುವಿಕೆಯಿಂದ ಬರಲಿ. ಸೊಂಟದ ಹತ್ತಿರ ಬರುತ್ತಿದ್ದಂತೆ ಅಲಗನ್ನು ಪಕ್ಕಕ್ಕೆ ಸೀಳಿಕೊಂಡು ಹೊರತೆಗೆಯಿರಿ.

ಅಳತೆಯನ್ನೂ ಒಮ್ಮೆ ನೋಡಿಬಿಡಿ. ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರು ಹುಟ್ಟನ್ನು ತಮ್ಮ ಮೈಯಳತೆಗೇ ಕೆತ್ತಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಹೇಳುವ ಅಳತೆ ನಮ್ಮ ಲೆಕ್ಕದಲ್ಲಿ ಒಂದು ಮಾರು ಮತ್ತು ಒಂದು ಮೊಳ ಉದ್ದ. ಅಲಗಿನ ಅಗಲ ಬೆರಳುಗಳು ಹಿಡಿಯಬಲ್ಲಷ್ಟು, ಅಂದರೆ 8ರಿಂದ 9 ಸೆಂ.ಮೀ. ದಂಡವು ಹೆಚ್ಚುಕಡಿಮೆ ಭುಜದ ಅಗಲ, ಸುಮಾರು 50 ಸೆಂ.ಮೀ. ಇರುತ್ತದೆ. ಮರಗಳು ಅಪರೂಪವಾದ ಆ ನಾಡಿಗೆ ಸೈಬೀರಿಯದ ನದಿಗಳಿಂದ ಕಡಲಿಗೆ ಸೇರಿ ತೇಲಿ ಬಂದ ದಿಮ್ಮಿಗಳೇ ಆಧಾರವಾಗಿದ್ದವು. ಅಂಚು ಸವೆಯದಂತೆ ಮೂಳೆಯ ಪಟ್ಟಿಯನ್ನೂ ಕೂಡಿಸುತ್ತಿದ್ದರು. ಅಷ್ಟು ಜತನದಿಂದ ಮಾಡಿದ ವಸ್ತುವಿನಲ್ಲಿ ಅಗಲ ಕಡಿಮೆಯಾದುದು ಕೊರತೆಯಿಂದಲ್ಲ, ಇಡೀ ದಿನ ಕೈ ಸೋಲದಿರಲಿ ಎಂಬ ಕಾರಣಕ್ಕೆ ಎಂದೇ ನನ್ನ ನಂಬಿಕೆ. ದಂಡವು ಎರಡು ಮುಷ್ಟಿಯಷ್ಟೇ ಇರುವ ಗಿಡ್ಡ ಹುಟ್ಟೂ ಉಂಟು. ಬಿರುಗಾಳಿಗೆ ಬಳಸುವ ಅದನ್ನು ಪ್ರತಿ ಎಳೆತಕ್ಕೂ ಕೈ ಜಾರಿಸುತ್ತಾ ಆಡಿಸಬೇಕು. ನೀವು ಕೊಂಡಿರುವುದು ಅದಾಗಿದ್ದರೆ ಮೇಲೆ ಹೇಳಿದ ಹಿಡಿತ ಹೊಂದುವುದಿಲ್ಲ.

ನಿಂತ ನೀರಿನಲ್ಲಿ 10 ನಿಮಿಷ ನಿಧಾನವಾಗಿ ಎಳೆದು ನೋಡಿ. ಅದುರುವುದು ನಿಂತರೂ ಅಲಗು ಜಾರಿದಂತಾಗಿ ಕಯಾಕ್ ಮುಂದೆ ಸಾಗದಿದ್ದರೆ ಓರೆ ಹೆಚ್ಚಾಗಿದೆ ಎಂದರ್ಥ, ಸ್ವಲ್ಪ ನೆಟ್ಟಗೆ ಮಾಡಿಕೊಳ್ಳಿ. ಆಮೇಲೂ ಮಣಿಕಟ್ಟು ನೋಯುತ್ತಿದ್ದರೆ ನಿಮ್ಮ ದಂಡದ ಉದ್ದವನ್ನೂ ಭುಜದ ಅಗಲವನ್ನೂ ಅಳೆದು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.