ಅಂಗಡಿ ಮುಂದೆ ಗಾಡಿ ನಿಂತ್ರೆ

ಪ್ರಶ್ನೆ: ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ರ ನಮ್ದು ಬಟ್ಟೆ ಅಂಗಡಿ. ಬಾಡಿಗೆ, ಜಿಎಸ್‌ಟಿ, ಟ್ರೇಡ್ ಲೈಸೆನ್ಸು ಎಲ್ಲಾ ಕಟ್ಟೋರು ನಾವು, ಆದ್ರೆ ಶಟರ್ ಎತ್ತೋ ಹೊತ್ತಿಗೆ ಮುಂದೆ ತರಕಾರಿ, ಹಣ್ಣಿನ ಗಾಡಿಗಳು ನಿಂತಿರ್ತವೆ, ಗಿರಾಕಿ ಒಳಗೆ ಬರೋಕೂ ಜಾಗ ಇಲ್ಲ. ಅಕ್ಕಪಕ್ಕದೋರು ಎಬ್ಬಿಸೋಕೆ ಅರ್ಜಿ ಬರೀತಿದಾರೆ. ನಾನೂ ಸಹಿ ಹಾಕ್ಲಾ?
– ಬಟ್ಟೆ ವ್ಯಾಪಾರಿ, ಹಾಸನ

ಉತ್ತರ: ಸಹಿ ಹಾಕೋ ಮುಂಚೆ ಒಂದಿನ ಗಲ್ಲಾದಲ್ಲಿ ಕೂತು ಒಳಗೆ ಬರೋರ ಕೈ ನೋಡಿ ಸ್ವಾಮಿ. ಒಂದು ಕೈಲಿ ಕೊತ್ತಂಬರಿ ಕಟ್ಟು, ಇನ್ನೊಂದು ಕೈಲಿ ಬಾಳೆಹಣ್ಣಿನ ಕವರು ಹಿಡ್ಕೊಂಡು ಬಂದು ಮಗೂಗೆ ಒಂದು ಚಡ್ಡಿ ತೋರ್ಸಿ ಅನ್ನೋರು ಎಷ್ಟು ಜನ ಅಂತ. ಆ ಗಾಡಿಗಳು ಹೋದ್ರೆ ಅವ್ರೂ ಗಾಡಿ ಹಿಂದೇನೇ ಹೋಗ್ತಾರೆ, ನಿಮ್ಮ ಸೀರೆ ನೋಡೋಕೆ ಅಂತ ಯಾರೂ ವಾಪಸ್ ಬರಲ್ಲ.

ಇನ್ನು ಕಾನೂನು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವ್ರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡೋ ತನಕ ಯಾರನ್ನೂ ಎಬ್ಬಿಸೋಹಾಗಿಲ್ಲ, ಆಮೇಲೂ ಸ್ಥಳಾಂತರ ಮಾಡ್ಬೇಕಂದ್ರೆ 30 ದಿನದ ನೋಟಿಸು ಬೇಕು. ಅರ್ಜಿ ಕೊಟ್ಟ ಮಾರನೇ ದಿನ ರಸ್ತೆ ಖಾಲಿ ಆಗುತ್ತೆ ಅಂದ್ಕೊಂಡಿದ್ರೆ ಅದು ಆಗೋ ಮಾತಲ್ಲ. ಅದೇ ಕಾಯ್ದೇಲಿ ಪಟ್ಟಣ ಮಾರಾಟ ಸಮಿತಿ ಅಂತ ಇದೆ, ಅದ್ರಲ್ಲಿ ಶೇ. 40ಕ್ಕೆ ಕಮ್ಮಿ ಇಲ್ದಂಗೆ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು, ಜೊತೆಗೆ ವರ್ತಕರ ಸಂಘದವ್ರಿಗೂ ಜಾಗ ಇದೆ. ಎಲ್ಲಿ ನಿಲ್ಬೋದು, ಎಷ್ಟೊತ್ತಿಗೆ ನಿಲ್ಬೋದು ಅನ್ನೋ ಮಾತು ಕೂತು ಆಡ್ಬೇಕಾಗಿರೋದು ಅಲ್ಲೇ. ನಮ್ಮ ವರ್ತಕರು ಮಾತ್ರ ಅದನ್ನ ಬಿಟ್ಟು ಪೊಲೀಸ್ ಸ್ಟೇಷನ್‌ಗೆ ಓಡ್ತಾರೆ!

ನಿಮ್ಮ ಕಷ್ಟ ಸುಳ್ಳು ಅಂತಿಲ್ಲ. ಬಾಗ್ಲು ಕಟ್ಟಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಗಾಡಿಯವ್ರನ್ನ ಕರ್ದು, ಬಾಗಿಲ ನೇರಕ್ಕೆ ಇಬ್ರು ಪಕ್ಕಪಕ್ಕ ಬರೋಷ್ಟು ದಾರಿ ಬಿಡಿ, ನಿಮ್ಮ ಮಾಲು ಇಳಿಸೋ ಹೊತ್ತಲ್ಲಿ ಗಾಡಿ ಆ ಕಡೆ ಸರಿಸಿ, ಕೊಳೆತ ಸೊಪ್ಪು ಚರಂಡಿಗೆ ಹಾಕ್ಬೇಡಿ ಅಂತ ಹೇಳಿ. ನೀವೂ ಗೊಂಬೆ, ಹ್ಯಾಂಗರ್ ಸ್ಟ್ಯಾಂಡು ಫುಟ್‌ಪಾತ್‌ಗೆ ತಂದು ನಿಲ್ಸಿದ್ರೆ ಒಳಗೆ ಎಳ್ಕೋಬೇಕು, ಇದನ್ನ ಅರ್ಜೀಲಿ ಯಾರೂ ಬರೆಯಲ್ಲ. ಹಾಸನಾಂಬೆ ಬಾಗ್ಲು ತೆಗೆಯೋದು ವರ್ಷಕ್ಕೆ ಒಂದ್ಸಲ, ಆಗ ಊರು ತುಂಬಾ ಜನ, ಅಷ್ಟ್ರೊಳಗೆ ಈ ಮಾತು ಮುಗಿಸ್ಕೊಂಡ್ರೆ ಇಬ್ರಿಗೂ ಬೋಣಿ ಚೆನ್ನಾಗಿ ಆಗುತ್ತೆ.

ಪ್ರಶ್ನೆ: ನಾನು ಹೂವು ಮಾರ್ತೀನಿ. ಅಂಗಡಿಯವ್ರು ತಮ್ಮ ಮುಂದೆ ಕೂತಿದ್ದಕ್ಕೆ ದಿನಾ ದುಡ್ಡು ಕೇಳ್ತಾರೆ, ಕೊಡ್ಲೇಬೇಕಾ?
– ಹೂವಿನಮ್ಮ, ಹಾಸನ

ಉತ್ತರ: ಫುಟ್‌ಪಾತ್ ಮೇಲೆ ಕೂತಿದ್ರೆ ಕೊಡ್ಬೇಕಿಲ್ಲ ಕಣಮ್ಮ, ಅದು ಸಾರ್ವಜನಿಕರ ಜಾಗ, ಅವ್ರು ಬಾಡಿಗೆಗೆ ಕೊಡೋಕೆ ಬರಲ್ಲ. ಅವ್ರ ಸ್ವಂತ ಜಗಲಿ ಮೇಲೆ ಕೂತಿದ್ರೆ ಮಾತು ಬೇರೆ. ನಗರಾಡಳಿತದ ಆಫೀಸಿಗೆ ಹೋಗಿ ಸಮೀಕ್ಷೇಲಿ ನಿಮ್ಮ ಹೆಸರಿದ್ಯಾ ಕೇಳಿ, ಇಲ್ದಿದ್ರೆ ಸೇರ್ಸೋಕೆ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಪ್ರಮಾಣಪತ್ರ ಸಿಕ್ರೆ ಬೀದಿ ವ್ಯಾಪಾರಿಗಳಿಗಿರೋ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲಕ್ಕೂ ಬರುತ್ತೆ, ಹೊತ್ತಿಗೆ ಸರಿಯಾಗಿ ಕಟ್ಟಿದ್ರೆ ವರ್ಷಕ್ಕೆ ಶೇ. 7ರ ಲೆಕ್ಕದಲ್ಲಿ ಬಡ್ಡಿ ಸಬ್ಸಿಡಿ ನಿಮ್ಮ ಖಾತೆಗೆ ಬೀಳುತ್ತೆ. ಆ ಪತ್ರಾನ ಮಾತ್ರ ಬೇರೆಯವ್ರಿಗೆ ಬಾಡಿಗೆಗೆ ಕೊಡ್ಬೇಡಿ, ಅದಕ್ಕೂ ಕಾಯ್ದೆ ಒಪ್ಪಲ್ಲ.